ಕ್ಯಾಲೆಂಡರಿನಲ್ಲಿ ನಮ್ಮ ಮನೆ

೧೪, ಮಂಗಳವಾರ

ನಗರಸಭೆಯ ಕ್ಯಾಲೆಂಡರಿಗೆ ಪೇಟೆಯ ಫೋಟೋ ತೆಗೆದುಕೊಟ್ಟು ತಲೆ ಚಿಟ್ಟು ಹಿಡಿದಿದೆ. ಕಮಿಷನರ್ ಸಾಹೇಬರಿಗೆ ಊರು ಎತ್ತರವಾಗಿಯೂ ಚೊಕ್ಕವಾಗಿಯೂ ಕಾಣಬೇಕು. ಮೊದಲು ಕಂಪ್ಯೂಟರಿನಲ್ಲಿ ಫೋಟೋದ ತಂತಿಗಳನ್ನು ಅಳಿಸಿದೆ, ಆಮೇಲೆ ನೀರಿನ ಟ್ಯಾಂಕುಗಳನ್ನು. ಇವತ್ತು, “ಒಣಹಾಕಿದ ಬಟ್ಟೆ ತೆಗೀರಿ ಸ್ವಾಮಿ, ಇದು ಊರೋ ಲಾಂಡ್ರಿಯೋ?” ಎಂದರು. ರೇಗಿಹೋಗಿ, ಬಟ್ಟೆ ಕಂಡ ಮನೆಗಳನ್ನೇ ಅಳಿಸಿ ಆಕಾಶ ಮೆತ್ತಿದೆ.

ಸಂಜೆ ಹೆಂಡತಿ ಚಿತ್ರದಲ್ಲಿ ನಮ್ಮ ಬೀದಿಯ ಬ್ಯಾಂಕಿನ ಪಕ್ಕ ಬೆರಳಿಟ್ಟು ಕೇಳಿದಳು: “ರೀ, ನಮ್ಮನೆ ಎಲ್ಲಿ?”

“ಅಳಿಸಿಹೋಯ್ತು ಕಣೇ.”

“ಇಪ್ಪತ್ತು ವರ್ಷ ಗುಡಿಸಿ ಒರೆಸಿದ್ದು ನಾನು. ಒಂದೇ ಏಟಿಗೆ ಚೊಕ್ಕ ಮಾಡಿದ್ದು ನೀವು!” ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಚಿತ್ರ ಅಚ್ಚಿಗೆ ಹೋಗುತ್ತದೆ. ಮನೆಯನ್ನು ಮತ್ತೆ ಕೂರಿಸಿದ್ದೇನೆ, ಅವಳು ಒಣಹಾಕಿದ ನೀಲಿ ಹೊದಿಕೆಯ ಸಮೇತ. ಸಾಹೇಬರು ತಕರಾರು ತೆಗೆಯದಿರಲೆಂದು ಮೇಲೆ ಎರಡು ಮಹಡಿ ಏರಿಸಿದ್ದೇನೆ. ಅವಕ್ಕೆ ಕಿಟಕಿ ಇಡುವುದೊಂದು ಬಾಕಿ, ಆದರೆ ನಿದ್ದೆಗೆ ಕಣ್ಣು ಮುಚ್ಚಿಕೊಂಡು ಬರು…