ಕಂಬಳಿ ಕೈಗೆ ಹೇಗಿದೆ ಎಂದು ಕೇಳಿದ್ದೆ

ಡಬ್ಲಿನ್, ಕ್ಯಾಲಿಫೋರ್ನಿಯಾ
20 ಮೇ 2025, ಮಂಗಳವಾರ

ಪ್ರೀತಿಯ ನೀಲವ್ವಾ,

ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ನೀನೇ ನೂಲು ತೆಗೆದು ನೇಯಿಸಿ ಕಳಿಸಿದ ಕಂಬಳಿ ಸಂಕ್ರಾಂತಿ ಹೊತ್ತಿಗೇ ಬಂದು ತಲುಪಿತು. ಈಗ ಮೇ ತಿಂಗಳು ಮುಗಿಯುತ್ತಾ ಬಂತು, ನನ್ನಿಂದ ಒಂದು ಸಾಲಿಲ್ಲ. "ಕೈಗೆ ಹೆಂಗೈತಿ ಖರೇ ಹೇಳು, ಮುಖ ನೋಡಿ ಮಣಿ ಹಾಕಬ್ಯಾಡ" ಅಂತ ನೀನು ಫೋನಿನಲ್ಲಿ ಕೇಳಿದಾಗಲೂ ನಾನು ಮಾತು ಮರೆಸಿ ನಿನ್ನ ಮಂಡಿನೋವಿನ ವಿಷಯ ತೆಗೆದೆ. ನೀನು ಗಮನಿಸಿರುತ್ತೀಯ, ಗೊತ್ತು. ಆ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ಸ್ವಲ್ಪ ತಾಳು. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು ಆಗಿದೆ. ಹೇಗೋ ಹೊಂದಿಸಿಕೊಂಡು ಓದು.

ಆರೋಗ್ಯದ ಮಾತು ಒಂದೇ ಉಸಿರಿಗೆ ಮುಗಿಸುತ್ತೇನೆ. ಔಷಧಿಯ ಡ್ರಿಪ್ಪುಗಳೆಲ್ಲ ಕಳೆದ ದೀಪಾವಳಿಗೇ ಮುಗಿದವು. ಕ್ಯಾನ್ಸರು ಈಗ ಎಲ್ಲೂ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೂದಲು ವಾಪಸು ಬಂದಿದೆ, ಆದರೆ ನನ್ನ ಕೂದಲಲ್ಲ! ಹುಟ್ಟಿದಾಗಿನಿಂದ ದಾರದ ಹಾಗೆ ನೆಟ್ಟಗಿದ್ದದ್ದು ಈಗ ಗುಂಗುರು ಗುಂಗುರು. ಔಷಧಿ ತೆಗೆದುಕೊಂಡವರಿಗೆ ಹಾಗಾಗುತ್ತದಂತೆ. ಮೊಮ್ಮಗಳು ನಿಸರ್ಗಾ ನೋಡಿ, "ಅಜ್ಜಿ, ಯು ಲುಕ್ ಲೈಕ್ ಎ ಶೀಪ್" ಅಂದಳು. ಯಾವ ತಳಿಯೇ ಅಂತ ಕೇಳಿದೆ. "ಮೆರಿನೋ, ಆಫ್ ಕೋರ್ಸ್" ಅಂದಳು. ನಯವಾದ ಉಣ್ಣೆಯ ಜಾತಿ, ಹಾಗಾದರೆ ಪರವಾಗಿಲ್ಲ ಅಂದೆ.

ಈಗ ದೊಡ್ಡ ಸುದ್ದಿ. ನಿನ್ನ ಜಲಜಾ ಗೆದ್ದಳು ಕಣೇ! ಮೆರಿನೋ ಉಣ್ಣೆಗೆ ತೀರ್ಪು ಹೇಳುವ ಪಂದ್ಯದಲ್ಲಿ, ಕುರಿಗಳ ನಡುವೆಯೇ ಹುಟ್ಟಿ ಬೆಳೆದ ಇಲ್ಲಿನ ದೊರೆಸಾನಿಗಳನ್ನು ಹಿಂದೆ ಹಾಕಿ, ಮೊದಲನೆಯವಳಾಗಿ ಗೆದ್ದಳು. ಇದನ್ನು ಬರೆಯುವಾಗ ನಾನು ಬೀಗುತ್ತಿದ್ದೇನೆ. ಬೀಗುತ್ತೇನೆ ಬಿಡು, ಎಷ್ಟು ವರ್ಷವಾಯಿತು ಬೀಗಿ!

ಪಕ್ಕದ ಊರಿನಲ್ಲಿ ಉಣ್ಣೆ ನೂಲುವವರದೊಂದು ಸಂಘವಿದೆ. ವಸಂತದಲ್ಲಿ ಕುರಿಗಳ ತುಪ್ಪಟ ಕತ್ತರಿಸಿದ ಮೇಲೆ ಅವರೊಂದು ಪಂದ್ಯ ನಡೆಸುತ್ತಾರೆ. ಅಲ್ಲಿ ಉಣ್ಣೆಗೆ ಬಹುಮಾನವಿಲ್ಲ, ಉಣ್ಣೆ ನೋಡುವವರಿಗೆ ಬಹುಮಾನ. ಬ್ರಿಟಿಷರ ಕಾಲದಲ್ಲಿ ಆಸ್ಟ್ರೇಲಿಯಾದ ಮೇಳಗಳಲ್ಲಿ ಮೆರಿನೋ ಉಣ್ಣೆಯನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದರೋ ಹಾಗೇ ಮಾಡಬೇಕು: ಯಂತ್ರವಿಲ್ಲ, ದೀಪವಿಲ್ಲ, ಕಿಟಕಿಯಿಂದ ಬರುವ ಬೆಳಕಷ್ಟೇ. ಮೇಜಿನ ಮೇಲೆ ನಾಲ್ಕು ತುಪ್ಪಟ ಹರಡಿರುತ್ತಾರೆ. ಯಾವುದು ಮೊದಲು, ಯಾವುದು ಕೊನೆ ಎಂದು ತೀರ್ಮಾನಿಸಿ, ಏಕೆ ಎಂದು ಎಲ್ಲರೆದುರು ನಿಂತು ಬಾಯಿಬಿಟ್ಟು ಹೇಳಬೇಕು. ನಾವು ಕೆಲಸಕ್ಕಿದ್ದ ಕುರಿ ಕೇಂದ್ರದಲ್ಲಿ ವೀರಣ್ಣ ಸಾಹೇಬರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿಸುತ್ತಿದ್ದರಲ್ಲ, ಥೇಟ್ ಹಾಗೆಯೇ. ಅವರೂ ಬ್ರಿಟಿಷರ ಕೈಕೆಳಗೆ ಕೆಲಸ ಮಾಡಿದವರಿಂದಲೇ ಕಲಿತದ್ದಲ್ಲವೇ?

ಗೆದ್ದವರು ಅಕ್ಟೋಬರಿನ ದೊಡ್ಡ ಉಣ್ಣೆ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಕೂರಬೇಕು. ನನಗೆ ಬೇಕಾಗಿದ್ದದ್ದು ಆ ಕುರ್ಚಿ. ಇಲ್ಲಿಗೆ ಬಂದಾಗಿನಿಂದ ನಾನು ದೇವಸ್ಥಾನದಲ್ಲಿ ಸಂಯುಕ್ತಾಳ ಅಮ್ಮ, ಸ್ಕೂಲಿನ ಗೇಟಿನಲ್ಲಿ ನಿಸರ್ಗಾಳ ಅಜ್ಜಿ, ಆಸ್ಪತ್ರೆಯಲ್ಲಿ ಪೇಷಂಟು. ತುಪ್ಪಟ ನೋಡಿ ಇದು ಇಂಥದ್ದು ಎಂದು ಹೇಳುತ್ತಿದ್ದ ಜಲಜಾ ಒಳಗೆ ಇನ್ನೂ ಇದ್ದಾಳೋ, ಆ ಕಾಯಿಲೆಯ ಜೊತೆಗೆ ಹೋದಳೋ? ಅದು ನನಗೇ ಗೊತ್ತಾಗಬೇಕಿತ್ತು.

ಮಗಳು ಡಾಕ್ಟರಲ್ಲವೇ, ಪಂದ್ಯಕ್ಕೆ ಹೆಸರು ಕೊಟ್ಟಿದ್ದೇನೆ ಎಂದ ಕೂಡಲೇ ಶುರು ಮಾಡಿದಳು. "ಅಮ್ಮಾ, ಇದೆಲ್ಲ ಬೇಕಿತ್ತಾ ಈಗ? ಇಮ್ಯುನಿಟಿ ಇನ್ನೂ ಲೋ ಇದೆ. ಅಲ್ಲಿ ಧೂಳು, ಕುರಿ, ಹುಲ್ಲು…"

"ಕುರಿಯಿಂದ ಯಾರೂ ಸತ್ತಿಲ್ಲ ಕಣೇ," ಅಂದೆ.

"ಸೋತರೆ ಬೇಜಾರು ಮಾಡ್ಕೋತೀಯ. ನಿನ್ನ ಸಮಾಧಾನ ಮಾಡೋಕೆ ನನ್ನ ಕೈಲಾಗಲ್ಲ."

ಅದನ್ನು ಕೇಳಿ ನನಗೆ ರೇಗಿತು. ಸೋಲುವುದು ಖಾತ್ರಿ ಎಂದು ಹೊಟ್ಟೆಯಲ್ಲಿ ಹುಟ್ಟಿದವಳೇ ತೀರ್ಮಾನ ಮಾಡಿಬಿಟ್ಟಿದ್ದಾಳಲ್ಲ! ಅವಳ ಕೂಡ ಮಾತು ಬಿಟ್ಟು ಚಟ್ನಿಪುಡಿ ಕುಟ್ಟುತ್ತಾ ಕೂತೆ. ಶನಿವಾರ ಬೆಳಿಗ್ಗೆ ನೋಡಿದರೆ ಅವಳೇ ಡಬ್ಬಿಗೆ ಮೊಸರನ್ನ ತುಂಬಿಕೊಂಡು, ಕಾರು ಹೊರಗೆ ತೆಗೆದು, "ಬೇಗ ಬಾ, ಫ್ರೀವೇಲಿ ಟ್ರಾಫಿಕ್ ಆಗತ್ತೆ" ಅಂತ ಕೂಗುತ್ತಿದ್ದಳು. ನಿಸರ್ಗಾ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಗುಡ್ಡದ ಬುಡದಲ್ಲಿ ಒಂದು ಹಳೆಯ ಹುಲ್ಲಿನ ಕೊಟ್ಟಿಗೆ. ಒಳಗೆ ಕಾಲಿಟ್ಟ ಕೂಡಲೇ ಜಿಡ್ಡುಣ್ಣೆಯ ವಾಸನೆ! ಸಂಯುಕ್ತಾ ಮೂಗು ಮುಚ್ಚಿಕೊಂಡಳು, ನನಗೆ ತವರಿಗೆ ಬಂದ ಹಾಗಾಯಿತು. ಪಂದ್ಯ ನಡೆಸುವಾಕೆ ಡೊರೀನ್, ನನಗಿಂತ ಹಿರಿಯಳು. ಜೀವಮಾನವೆಲ್ಲ ಮೆರಿನೋ ಸಾಕಿದವಳು. ಯಾರನ್ನು ನೋಡಿಯೂ ನಗುವುದಿಲ್ಲ. ಉಳಿದ ಸ್ಪರ್ಧಿಗಳೆಲ್ಲ ಮೊಣಕೈವರೆಗೆ ತೋಳು ಮಡಿಸಿ ತುಪ್ಪಟದೊಳಗೆ ಕೈ ತುರುಕುತ್ತಿದ್ದರು, ತಿಕ್ಕುತ್ತಿದ್ದರು, ಹಿಸುಕುತ್ತಿದ್ದರು. ನಾನು ಮಾತ್ರ ಬಗ್ಗಿ ಕೆನ್ನೆ ಇಟ್ಟೆ.

ಹೌದು, ಕೆನ್ನೆ. ವೀರಣ್ಣ ಸಾಹೇಬರು ಈ ಒಂದು ವಿಷಯಕ್ಕೆ ನನ್ನನ್ನು ಎಷ್ಟು ಬೈದಿದ್ದರು, ನೆನಪಿದೆಯಾ? "ಏ ಮೈಸೂರವ್ವಾ, ಉಣ್ಣೀ ಕೆನ್ನಿಗೆ ಹಚ್ಚಬ್ಯಾಡ! ಕೆನ್ನಿಗೆ ಎಲ್ಲಾ ಮೆತ್ತಗ ಅನಸ್ತದ. ಬೆರಳಿಗೆ ಕೆಲಸಾ ಕೊಡು, ಬೆರಳು ಸುಳ್ಳು ಹೇಳಂಗಿಲ್ಲ." ಅಂಥವರ ಶಿಷ್ಯೆ ನಾನು ಒಂದಾದ ಮೇಲೊಂದಕ್ಕೆ ಕೆನ್ನೆ ತಾಗಿಸುತ್ತಾ ಹೋದೆ. ಹಿಂದೆ ಯಾರೋ ಕಿಸಕ್ಕೆಂದರು. ನಿಸರ್ಗಾ ತಿರುಗಿ ಅವರನ್ನು ದುರುಗುಟ್ಟಿ ನೋಡಿದಳು.

ಮೂರನೆಯ ತುಪ್ಪಟ ಚೆಲುವೆ ಅಂದರೆ ಚೆಲುವೆ. ಬೆಣ್ಣೆಯ ಬಣ್ಣ, ಸೀರೆಯ ನಿರಿಗೆ ಹಿಡಿದ ಹಾಗೆ ಒಂದೇ ಸಮ ಅಲೆ. ಕೆನ್ನೆಗೂ ನಾಲ್ಕರಲ್ಲಿ ಅದೇ ನಯ. ಎಲ್ಲರೂ ಅದಕ್ಕೇ ಮೊದಲ ಸ್ಥಾನ ಕೊಟ್ಟು ಮುಂದೆ ಹೋದರು. ನಾನೂ ಕೊಡುವವಳೇ ಇದ್ದೆ. ಆದರೆ ಕಿವಿಯ ಪರೀಕ್ಷೆ ಬಾಕಿಯಿತ್ತಲ್ಲ? ಹೆಗಲಿನ ಕಡೆಯಿಂದ ಸಣ್ಣದೊಂದು ಕುಚ್ಚು ತೆಗೆದು, ಜಾರದ ಹಾಗೆ ಎರಡೂ ತುದಿ ಬೆರಳಿಗೆ ಸುತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಎಳೆದೆ. ಟಣ್ ಎಂದಿತು. ಗಟ್ಟಿ ಉಣ್ಣೆ. ಪಕ್ಕೆಯ ಕಡೆಯಿಂದ ಇನ್ನೊಂದು ತೆಗೆದು ಎಳೆದೆ. ಚರ್ರ್ ಎಂದು ಸರಿಯಾಗಿ ಮಧ್ಯಕ್ಕೆ ಹರಿದು ಎರಡು ತುಂಡಾಯಿತು. ಇನ್ನೂ ಒಂದು ಕಡೆ ನೋಡಿದೆ. ಅಲ್ಲೂ ಹಾಗೇ, ಅದೇ ಜಾಗಕ್ಕೆ.

ನನ್ನ ಸರದಿ ಬಂದಾಗ ಎದ್ದು ನಿಂತೆ. "ಮೂರನೆಯದಕ್ಕೆ ಕೊನೆಯ ಸ್ಥಾನ," ಎಂದು ನನ್ನ ಮೈಸೂರು ಇಂಗ್ಲಿಷಿನಲ್ಲೇ ಹೇಳಿದೆ. ಕೊಟ್ಟಿಗೆಯಲ್ಲಿ ಗುಜುಗುಜು. "ನೋಡಲು ಇದೇ ಚೆಂದ, ನಯವೂ ಇದಕ್ಕೇ ಹೆಚ್ಚು. ಆದರೆ ವರ್ಷದ ನಡುವೆ ಈ ಕುರಿ ಕಾಯಿಲೆ ಬಿದ್ದಿದೆ. ಜ್ವರದ ದಿನಗಳಲ್ಲಿ ಬೆಳೆದ ಕಡೆ ಎಳೆ ಸಪೂರವಾಗಿದೆ, ನೂಲಲು ಹೋದರೆ ಅಲ್ಲೇ ತುಂಡಾಗುತ್ತದೆ. ಕುರಿ ಬದುಕಿದೆ, ಆಮೇಲಿನ ಉಣ್ಣೆ ಚೆನ್ನಾಗಿಯೇ ಬೆಳೆದಿದೆ. ಕುರಿಗೆ ನನ್ನ ನಮಸ್ಕಾರ. ತುಪ್ಪಟಕ್ಕೆ ಮಾತ್ರ ಕೊನೆಯ ಸ್ಥಾನ."

ಡೊರೀನ್ ಎದ್ದು ಬಂದಳು. ಆ ಕುರಿ ಅವಳದೇ ಅಂತೆ! ಕಳೆದ ಶರತ್ಕಾಲದಲ್ಲಿ ಹದಿನೈದು ದಿನ ಮೇವು ಮುಟ್ಟದೆ ಮಲಗಿತ್ತಂತೆ. ಚೆಂದಕ್ಕೆ ಮರುಳಾಗುವವರು ಯಾರು ಎಂದು ನೋಡಲು ಬೇಕೆಂದೇ ಇಟ್ಟಿದ್ದಳಂತೆ. ಅವಳ ತೀರ್ಪೂ ನನ್ನ ತೀರ್ಪೂ ಒಂದರಿಂದ ನಾಲ್ಕರವರೆಗೆ ಒಂದೇ. ನನ್ನ ಕೈ ಕುಲುಕಿ, "ಅಕ್ಟೋಬರಿನಲ್ಲಿ ಆ ಕುರ್ಚಿ ನಿಮ್ಮದು" ಅಂದಳು. ಆಮೇಲೆ ದನಿ ತಗ್ಗಿಸಿ, ಕೆನ್ನೆ ಇಟ್ಟು ನೋಡುವುದು ಇಂಡಿಯಾದ ಪದ್ಧತಿಯೇ ಎಂದು ಕೇಳಿದಳು.

ನಾನು ಬಹಳ ಘನವಾಗಿ, "ಹೌದು, ತುಂಬಾ ಹಳೆಯದು," ಅಂದೆ. ಸಂಜೆ ನಾವು ಹೊರಡುವ ಹೊತ್ತಿಗೆ ಸಂಘದವರೆಲ್ಲ ಸಾಲಾಗಿ ನಿಂತು ತುಪ್ಪಟಕ್ಕೆ ಕೆನ್ನೆ ಹಚ್ಚುತ್ತಿದ್ದರು. ವೀರಣ್ಣ ಸಾಹೇಬರು ಇದ್ದಿದ್ದರೆ ಅಲ್ಲೇ ತಲೆ ಚಚ್ಚಿಕೊಳ್ಳುತ್ತಿದ್ದರು!

ಸಂಯುಕ್ತಾ ಕಾರು ಹತ್ತಿ ಸೀಟ್‌ಬೆಲ್ಟು ಹಾಕಿಕೊಳ್ಳುತ್ತಾ, "ಅಮ್ಮಾ, ನೀನು ಹೀಗೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಅಂದಳು. "ನೀನು ಕೇಳಿದ್ದು ಯಾವಾಗ?" ಅಂದೆ. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ನಿಸರ್ಗಾ ಮೊದಲ ಬಹುಮಾನಕ್ಕೆ ಕೊಟ್ಟ ನೀಲಿ ರಿಬ್ಬನ್ನನ್ನು ನನ್ನ ಗುಂಗುರು ಕೂದಲಿಗೇ ಕಟ್ಟಿದಳು. ಗ್ರೋಸರಿಗೆ ಇಳಿದಾಗಲೂ ಬಿಚ್ಚಲಿಲ್ಲ ನಾನು. ಯಾರು ಬೇಕಾದರೂ ನೋಡಿಕೊಳ್ಳಲಿ.

ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಿನ್ನ ಸೊಸೆಗೆ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಇಬ್ಬರೂ ನೂರ್ಕಾಲ ಬಾಳಲಿ. ನೀನು ಸುಖವಾಗಿರು. ನಾನೂ ಇರುತ್ತೇನೆ.

ನಿನ್ನ,
ಜಲಜಾ

ಮರುಬರಹ: ಕಂಬಳಿಯ ಮಾತು ಮರೆತಿಲ್ಲ. ಕೈಗೆ ಹೇಗಿದೆ ಎಂದು ನನಗೆ ಗೊತ್ತಿಲ್ಲ ನೀಲವ್ವಾ. ಔಷಧಿ ನನ್ನ ಬೆರಳುಗಳನ್ನು ತೆಗೆದುಕೊಂಡು ಹೋಯಿತು. ನೋಡಲು ಚೆನ್ನಾಗಿಯೇ ಇವೆ, ಆದರೆ ಮುಟ್ಟಿದ್ದು ತಿಳಿಯುವುದಿಲ್ಲ. ಸ್ಪರ್ಶ ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬೆರಳು ಸ್ವಲ್ಪ ಜುಮ್ಮೆನ್ನುತ್ತದೆ ಎಂದಷ್ಟೇ ಸಂಯುಕ್ತಾಳಿಗೆ ಹೇಳಿದ್ದೇನೆ. ನಿನ್ನ ಕಂಬಳಿ ಬಿಚ್ಚಿ ಎರಡೂ ಕೈ ಇಟ್ಟಾಗ ಏನೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಚೆನ್ನಾಗಿದೆ ಎಂದು ನಿನಗೆ ಸುಳ್ಳು ಬರೆಯಲಾಗಲಿಲ್ಲ, ನಿಜ ಬರೆಯುವ ಧೈರ್ಯವೂ ಬರಲಿಲ್ಲ. ಅದಕ್ಕೇ ಇಷ್ಟು ತಡ. ಪಂದ್ಯದಿಂದ ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಬೀರುವಿನಿಂದ ಕಂಬಳಿ ತೆಗೆದು ಕೆನ್ನೆಗೆ ಒತ್ತಿಕೊಂಡೆ. ಚುಚ್ಚುತ್ತದೆ ಕಣೇ. ನಮ್ಮ ಕರಿಕುರಿಯ ಉಣ್ಣೆ ಹೇಗೆ ಚುಚ್ಚಬೇಕೋ ಹಾಗೇ ಚುಚ್ಚುತ್ತದೆ.