ಕಾಲಿನ ಹಾಳೆ

ಮನೆಯ ಮುಂದಿನ ಕೋಣೆಯಿಂದ,
೧೪ನೇ ತಾರೀಕು, ಮಂಗಳವಾರ ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮ ಬರೆಯುತ್ತಿದ್ದೇನೆ. ಹೇಗಿದ್ದೀಯ? ಗಂಟಲು ಕಟ್ಟಿದ್ದು ಸರಿಹೋಯಿತೇ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಒಡಕು ತಗಡಿನ ಹಾಗಿತ್ತು. ಶೀತಕ್ಕೋ ಕೂಗಾಡಿದ್ದಕ್ಕೋ ತಿಳಿಯಲಿಲ್ಲ. ಬಿಸಿನೀರು ಕುಡಿ. ಆಟದ ಯಂತ್ರ ಮಾಡುವ ಕಂಪನಿಯವರ ಆಫೀಸಿನಲ್ಲಿ ಏಸಿಯ ಎದುರಿಗೇ ಕೂರಿಸಿದ್ದಾರೆ ಅಂದೆಯಲ್ಲ, ಕುರ್ಚಿ ಆಚೆಗೆಳೆದುಕೊಂಡು ಕೂರಲು ಯಾರ ಅಪ್ಪಣೆ ಬೇಕು? ನಿನ್ನ ಪೆಟ್ಟಿಗೆಯ ತಳದಲ್ಲಿ ಉಣ್ಣೆಯ ಶಾಲು ಇಟ್ಟಿದ್ದೇನೆ. ನೀನು ತಳದವರೆಗೆ ಹುಡುಕುವವಳಲ್ಲ ಅಂತ ಗೊತ್ತಿದ್ದೂ ಇಟ್ಟೆ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಕಣ್ಣು ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸಲು ಈಗಲೂ ಕನ್ನಡಕ ಬೇಕಾಗಿಲ್ಲ. ಕಣ್ಣಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ನಿನ್ನ ತಮ್ಮ ಹೇಗಿದ್ದಾನೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿನ್ನ ಫೋನು ಬಂದು ಇವತ್ತಿಗೆ ಒಂಬತ್ತು ದಿನ. ಅವತ್ತು ನೀನು ಹೇಳಿದ್ದಷ್ಟನ್ನೂ ಅವನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. 'ಆರನೇ ಲೋಕದಲ್ಲಿ ಆಟ ಸಾಯ್ತಿದೆ. ಸೇತುವೆ ಮುರಿದು ಬೀಳುತ್ತೆ, ಕೊಡೆ ಹುಡುಗಿ ಹಾರಿ ಆಚೆ ಮೋಡದ ಮೆಟ್ಟಿಲ ಮೇಲೆ ಕಾಲಿಡ್ತಾಳೆ, ಇಟ್ಟ ತಕ್ಷಣ ಬೀಳ್ತಾಳೆ. ಬೀಳ್ತಾನೇ ಇರ್ತಾಳೆ. ಸಾಯೋದೂ ಇಲ್ಲ, ನಿಲ್ಲೋದೂ ಇಲ್ಲ.' ಕೆಳಗೆ ದೊಡ್ಡದಾಗಿ '೧೭, ಶುಕ್ರವಾರ' ಅಂತ ಬರೆದು ಎರಡು ಗೆರೆ ಎಳೆದಿದ್ದಾನೆ. ಅಷ್ಟರೊಳಗೆ ಸರಿಮಾಡಿ ಕೊಡದಿದ್ದರೆ ಪರೀಕ್ಷೆಯವರು ಆಟವನ್ನು ವಾಪಸು ಕಳಿಸುತ್ತಾರೆ, ನಮ್ಮ ಸರದಿ ಮತ್ತೆ ಬರುವುದು ಮುಂದಿನ ವರ್ಷ, ಅಷ್ಟು ಹೊತ್ತಿಗೆ ಹೊಸ ಯಂತ್ರ ಬಂದು ಈ ಯಂತ್ರದ ಆಟ ಯಾರಿಗೂ ಬೇಡವಾಗಿರುತ್ತದೆ. ಇದನ್ನು ನೀನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡೂವರೆ ವರ್ಷ ಈ ಕೋಣೆಯಲ್ಲಿ ನಾವು ಮೂವರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಈ ವಿಡಿಯೋ ಆಟ ಕಟ್ಟಿದ್ದು ಏತಕ್ಕೆ ಅಂತ ನನಗೂ ಗೊತ್ತು.

ಅವನು ಅವತ್ತಿನಿಂದ ಯಂತ್ರದ ಮುಂದಿನಿಂದ ಎದ್ದಿಲ್ಲ. ಎದ್ದರೂ ಕಾಗದ ಹರಡಲು ಮಾತ್ರ. ಬರೆದ ಪ್ರೋಗ್ರಾಮನ್ನೆಲ್ಲ ಅಚ್ಚು ಹಾಕಿಸಿಕೊಂಡು ಬಂದಿದ್ದಾನೆ, ಮಡಿಕೆ ಮಡಿಕೆಯ ಉದ್ದ ಕಾಗದ, ಅದು ಈ ಕೋಣೆಯಿಂದ ಶುರುವಾಗಿ ನಡುಮನೆ ದಾಟಿ ಅಡುಗೆಮನೆಯ ಹೊಸಲಿಗೆ ಬಂದು ನಿಂತಿದೆ. ನಾನು ಒಲೆಯ ಹತ್ತಿರ ಹೋಗಬೇಕಾದರೆ ಸೀರೆ ಎತ್ತಿಕೊಂಡು ಕೊಕ್ಕರೆಯ ಹಾಗೆ ಹೆಜ್ಜೆ ಇಡಬೇಕು. ಅವನು ಅಂಬೆಗಾಲಿಟ್ಟುಕೊಂಡು ಕೆಂಪು ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋಗುತ್ತಾನೆ. ಸಾಲು ಮುಗಿದ ಮೇಲೆ ಎದ್ದು ಒಮ್ಮೆ ಆಡಿ ನೋಡುತ್ತಾನೆ. ಹುಡುಗಿ ಓಡುತ್ತಾಳೆ, ಸೇತುವೆ ಮುರಿಯುತ್ತದೆ, ಕೊಡೆ ಬಿಚ್ಚುತ್ತಾಳೆ, ತೇಲಿ ಹೋಗಿ ಕಾಲಿಡುತ್ತಾಳೆ, ಆಮೇಲೆ ಆ ಬೀಳುವ ಸದ್ದು. ನೀನೇ ಆರಿಸಿದ ಸದ್ದು, ಕೊಳವೆಯೊಳಗೆ ಯಾರೋ ಊದಿದ ಹಾಗೆ. ಮೊದಲು ಚೆನ್ನಾಗಿತ್ತು. ಈಗ ದಿನಕ್ಕೆ ಅರವತ್ತು ಸಲ ಕೇಳಿ ಕೇಳಿ, ಅದು ಶುರುವಾದ ಕೂಡಲೇ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತೇನೆ.

ತಟ್ಟೆ ಮುಂದಿಟ್ಟರೆ ತಿನ್ನುತ್ತಾನೆ, ಇಡದಿದ್ದರೆ ಕೇಳುವುದಿಲ್ಲ. ಗಡ್ಡ ಬಿಟ್ಟಿದ್ದಾನೆ, ಅದೂ ಪೂರ್ತಿ ಬಂದಿಲ್ಲ, ಹೊಲಿಗೆ ಅರ್ಧಕ್ಕೆ ಬಿಟ್ಟ ಹಾಗೆ ಅಲ್ಲಲ್ಲಿ. ನಿನ್ನೆ ಮಧ್ಯಾಹ್ನ ತಡೆಯಲಾರದೆ ಕೇಳಿದೆ, ನನ್ನ ಹಾಳೆಗಳನ್ನೂ ಒಂದು ಸಲ ನೋಡಬಾರದೇನೋ ಅಂತ. ತಲೆ ಎತ್ತದೆ ಅಂದ: 'ನಿನ್ನ ಹಾಳೇಲಿ ತಪ್ಪಿರಲ್ಲಮ್ಮ. ಅದನ್ನ ನೋಡ್ತಾ ಕೂತ್ರೆ ಟೈಮ್ ವೇಸ್ಟು.' ನಾನು ಒಳಗೆ ಹೋಗಿ ನೀರು ಕುಡಿದು ಬಂದೆ.

ನನ್ನ ಹಾಳೆಗಳ ಮೇಲೆ ಅವನಿಗೆ ಅಷ್ಟು ನಂಬಿಕೆ ಯಾಕೆ ಅಂತ ನಿನಗೆ ಗೊತ್ತು. ಕಸೂತಿ ಕಾರ್ಖಾನೆಗೆ ಮೂವತ್ತೊಂದು ವರ್ಷ ನಕ್ಷೆ ಬರೆದವಳು ನಾನು. ಚೌಕದ ಕಾಗದದ ಮೇಲೆ ಒಂದು ಮನೆ ತಪ್ಪಿದರೆ ಕೆಳಗೆ ಇನ್ನೂರು ಹೆಂಗಸರ ಇನ್ನೂರು ಬಟ್ಟೆಯಲ್ಲಿ ಅದೇ ತಪ್ಪು ಬರುತ್ತಿತ್ತು. ಮೇಲ್ವಿಚಾರಕಿ ನನ್ನ ನಕ್ಷೆಯನ್ನು ನೋಡದೆಯೇ ಮೊಹರು ಒತ್ತುತ್ತಿದ್ದಳು. ಆ ಮೇಜುಬಟ್ಟೆಗಳು ಎಲ್ಲೆಲ್ಲಿ ಹೋದವೋ, ಯಾರ ಮನೆಯ ಮೇಜಿನ ಮೇಲಿವೆಯೋ, ಒಂದರ ಮೂಲೆಯಲ್ಲೂ ನನ್ನ ಹೆಸರಿಲ್ಲ. ಕೆಲಸ ಬಿಟ್ಟು ಬಂದ ಮೇಲೆ ಕೈಗೆ ಏನೂ ತೋಚದೆ ಕೂತಿದ್ದಾಗ ನೀನು ಅದೇ ಚೌಕದ ಕಾಗದ ತಂದು ಮಡಿಲಿಗೆ ಹಾಕಿದೆ. 'ಇದೂ ಅದೇ ಕೆಲಸ ಅಮ್ಮ, ದಾರದ ಬದಲು ಬೆಳಕು ಅಷ್ಟೇ' ಅಂದೆ. ಹದಿನಾರು ಮನೆ ಉದ್ದ, ಹದಿನಾರು ಮನೆ ಅಗಲ, ಬಣ್ಣಕ್ಕೊಂದು ಅಂಕಿ. ಯಾವ ಬಣ್ಣವೂ ಇಲ್ಲದ ಮನೆಗೆ ಸೊನ್ನೆ. ನಾನು ಆ ಖಾಲಿ ಮನೆಯನ್ನು ಬಟ್ಟೆ ಅಂತ ಕರೆದರೆ ನಿನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಒಂದು ತಿಂಗಳಾದ ಮೇಲೆ ಅವನೇ 'ಅಮ್ಮಾ, ಇಲ್ಲಿ ಬಟ್ಟೆ ಜಾಸ್ತಿ ಕಾಣ್ತಿದೆ' ಅನ್ನತೊಡಗಿದ.

ಚಿತ್ರದ ಹಾಳೆ ಮುಗಿದ ಮೇಲೆ ಅದರ ಜೊತೆಗೆ ಇನ್ನೊಂದು ಹಾಳೆ ಬರೆಯುವುದನ್ನೂ ನೀವಿಬ್ಬರೇ ಕಲಿಸಿದ್ದು. ನೋಡುವುದಕ್ಕೆ ಕಲ್ಲು ಕಂಡರೆ ಸಾಲದು, ಅಲ್ಲಿ ಕಾಲು ನಿಲ್ಲುತ್ತದೋ ಇಲ್ಲವೋ ಅಂತ ಯಂತ್ರಕ್ಕೆ ಬೇರೆಯಾಗಿ ಹೇಳಬೇಕು. ನಿಲ್ಲುವ ಕಡೆ ಒಂದು, ನಿಲ್ಲದ ಕಡೆ ಸೊನ್ನೆ. ಚಿತ್ರದ ಹಾಳೆ ಕಣ್ಣಿಗೆ, ಕಾಲಿನ ಹಾಳೆ ಕಾಲಿಗೆ. ಏಳು ಲೋಕಕ್ಕೆ ಮುನ್ನೂರ ಹನ್ನೆರಡು ಕಾಲಿನ ಹಾಳೆ ಬರೆದು, ಒಂದೇ ಬೆರಳಿನಲ್ಲಿ ಕುಟ್ಟಿ ಯಂತ್ರಕ್ಕೆ ಹಾಕಿದ್ದೇನೆ. ಮಂತ್ರವಾದಿ ಕದ್ದ ನೆರಳುಗಳನ್ನೆಲ್ಲ ಹುಡುಗಿ ಹುಡುಕಿ ತರಬೇಕು ಅಂತ ನೀನು ಕಥೆ ಕಟ್ಟಿದ್ದೀಯ, ಸರಿ. ಆದರೆ ಅವಳು ಎಲ್ಲಿ ಕಾಲಿಡಬೇಕು ಅಂತ ಹೇಳಿದವಳು ನಾನು. ನನಗೆ ಆಡಲು ಬರುವುದಿಲ್ಲ ಅಂತ ನೀವಿಬ್ಬರೂ ಎಷ್ಟು ಆಡಿಕೊಂಡಿರಿ! ಮೊದಲನೇ ಲೋಕದ ಮೊದಲನೇ ಹಳ್ಳದಲ್ಲೇ ನಲವತ್ತು ಸಲ ಸತ್ತವಳು ಅಂತ ಎದುರು ಮನೆಯವರಿಗೂ ಹೇಳಿದ್ದೀಯ.

ಈಗ ಬೇಸರದ ಮಾತು. ಸಿಟ್ಟು ಮಾಡಿಕೊಳ್ಳಬೇಡ, ಮಾಡಿಕೊಂಡರೂ ಓದು. ಮೊನ್ನೆ ಭಾನುವಾರ ನೀನು ಮತ್ತೆ ಫೋನ್ ಮಾಡಿದಾಗ ಅವನ ಪಕ್ಕದಲ್ಲೇ ನಿಂತಿದ್ದೆ. ನಿನ್ನ ಮಾತು ಫೋನಿನಿಂದ ಆಚೆಗೂ ಕೇಳುತ್ತಿತ್ತು. 'ಒಂದು ವಾರದಿಂದ ಒಂದು ತೂತು ಹುಡುಕೋಕಾಗ್ಲಿಲ್ಲ ನಿನಗೆ. ಆಟದ ಕೊನೇಲಿ ಬರೋ ಹೆಸರಿನ ಪಟ್ಟಿಯಿಂದ ನಿನ್ನ ಹೆಸರು ತೆಗೀತೀನಿ. ಇಲ್ಲೇ ಯಾರನ್ನಾದ್ರೂ ಹಿಡಿದು ಸರಿಮಾಡಿಸಿ ಅವರ ಹೆಸರು ಹಾಕ್ತೀನಿ.' ಅವನು 'ತೆಗಿ' ಅಂದ. ಅಷ್ಟೇ ಅಂದು ಫೋನು ಇಟ್ಟ. ಎದುರು ಮಾತಾಡಿದ್ದರೆ, ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಚಿಕ್ಕಂದಿನಲ್ಲಿ ಒಂದು ಪೆನ್ಸಿಲಿಗಾಗಿ ಜುಟ್ಟು ಜುಟ್ಟು ಹಿಡಿದು ಹೊಡೆದಾಡಿದವರು ನೀವು.

ನಿನ್ನೆ ಸೋಮವಾರ ಬೆಳಿಗ್ಗೆ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಕ್ಷೌರಕ್ಕೆ ಅಂದುಕೊಂಡು ಖುಷಿಪಟ್ಟೆ. ಬಂದು ಹೇಳಿದ, ಲಿಫ್ಟ್ ರಿಪೇರಿಯವರ ಹತ್ತಿರ ಕೆಲಸ ಕೇಳಿ ಬಂದಿದ್ದಾನಂತೆ, ಬರುವ ಸೋಮವಾರದಿಂದ ಬಾ ಅಂದರಂತೆ. 'ಈ ಕೆಲ್ಸ ನಂಗೆ ಬರಲ್ಲಮ್ಮ. ಬರುತ್ತೆ ಅಂದ್ಕೊಂಡಿದ್ದೆ. ಲಿಫ್ಟ್ ಬಿದ್ರೆ ಎಲ್ಲಿ ಬಿತ್ತು ಅಂತಾದ್ರೂ ಗೊತ್ತಾಗುತ್ತೆ.' ನಗಿಸಲು ಹೇಳಿದನೋ ಏನೋ, ನಾನು ನಗಲಿಲ್ಲ. ಅವನು ಯಂತ್ರದ ಮೇಲೆ ಬಟ್ಟೆ ಹೊದಿಸಿದ. ಅರ್ಧ ಗಂಟೆಯಾದ ಮೇಲೆ ತಾನೇ ತೆಗೆದು ಮತ್ತೆ ಕೂತ. ಈಗಲೂ ಕೂತಿದ್ದಾನೆ, ನನ್ನಿಂದ ಎರಡು ಮೊಳ ದೂರದಲ್ಲಿ, ನಾನು ನಿನಗೆ ಬರೆಯುತ್ತಿದ್ದೇನೆ ಅಂತ ಗೊತ್ತು. ಅಕ್ಕನಿಗೆ ಏನಾದರೂ ಹೇಳಬೇಕೇನೋ ಅಂದರೆ ತಲೆ ಅಲ್ಲಾಡಿಸಿದ.

ಪುಟ್ಟಿ, ನಿನ್ನ ಸಿಟ್ಟು ನನ್ನದೇ, ನನ್ನಿಂದಲೇ ಬಂದದ್ದು, ಅದನ್ನು ನಾನು ಬಲ್ಲೆ. ಬೇರೆಯವರ ಊರಿನಲ್ಲಿ, ಬೇರೆಯವರ ಕುರ್ಚಿಯ ಮೇಲೆ ಒಬ್ಬಳೇ ಕೂತು ಅವರ ಮುಖ ನೋಡುವುದು ಸುಲಭವಲ್ಲ. ಆದರೆ ಅವನ ಹೆಸರಿನ ತಂಟೆಗೆ ಹೋಗಬೇಡ. ಈ ಕಾಗದ ಗುರುವಾರ ನಿನ್ನ ಕೈ ಸೇರುತ್ತದೆ ಅಂತ ಕೊರಿಯರ್ ಅಂಗಡಿಯವನು ಆಣೆ ಮಾಡಿದ್ದಾನೆ. ಅಲ್ಲಿಯವರೆಗೆ ಯಾರನ್ನೂ ಹಿಡಿಯಬೇಡ, ಏನನ್ನೂ ಅಳಿಸಬೇಡ.

ಹೊತ್ತಿಗೆ ಸರಿಯಾಗಿ ತಿನ್ನು. ಶಾಲು ಹುಡುಕು. ನಿನ್ನ ಕೆಲಸ ಕೈಗೂಡಲಿ, ಗಂಟಲು ಬಿಡಲಿ, ನಗುನಗುತ್ತಾ ಮನೆಗೆ ಬಾ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿ, ಕೊರಿಯರ್ ಅಂಗಡಿಯವರೆಗೆ ಬಂದು, ಅಲ್ಲೇ ಹರಿದು ತೆಗೆದೆ. ಅಂಗಡಿಯವನ ಕೌಂಟರಿನ ಮೇಲೆ ಕಾಗದ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ಇಷ್ಟುದ್ದ ಬರೆದೂ ಹೇಳಬೇಕಾದ್ದು ಹೇಳಲಿಲ್ಲ. ತಪ್ಪು ತಮ್ಮನದಲ್ಲ, ನನ್ನದು. ಮೊದಲು ಸರಿಮಾಡುವುದನ್ನು ಬರೆದುಕೋ: ಆರನೇ ಲೋಕ, ಇಪ್ಪತ್ತಮೂರನೇ ಕಾಲಿನ ಹಾಳೆ, ಕೆಳಗಿನಿಂದ ಐದನೇ ಸಾಲು, ಎಡದಿಂದ ಹದಿನಾಲ್ಕನೇ ಮನೆ. ಅಲ್ಲಿ ಸೊನ್ನೆ ಇದೆ, ಒಂದು ಮಾಡು. ಹುಡುಗಿ ನಿಲ್ಲುತ್ತಾಳೆ.

ನೀನು ಹೊರಟ ದಿನ, ಟಿಕೆಟ್ ತರಲು ಹೋಗುವಾಗ ಟಿ.ವಿ.ಗೆ ಚೀಟಿ ಅಂಟಿಸಿ ಹೋಗಿದ್ದೆ: 'ಸೇತುವೆ ಆಚೆ ಇರೋ ಮನೆ ಖಾಲಿ ಮಾಡಿಬಿಡಮ್ಮ, ಯಂತ್ರ ನಿಧಾನ ಆಗ್ತಿದೆ.' ನೀನು ಹೇಳಿದ್ದು ಗಾಳಿ ನೇಯುವ ಮುದುಕಿ ಇರುವ ಮನೆ, ಅವಳನ್ನೂ ಅವಳ ಸಾಮಾನನ್ನೂ ತೆಗಿ ಅಂತ. ನಾನು ಖಾಲಿ ಮಾಡಿದ್ದು ಕಾಲಿನ ಹಾಳೆಯ ಒಂದು ಚೌಕ. ಕಸೂತಿಯವಳಿಗೆ ಮನೆ ಅಂದರೆ ಮೊದಲು ಚೌಕ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಅದೂ ಪೂರ್ತಿ ನಿಜವಲ್ಲ. ಒಂದು ಚೌಕ ಅಳಿಸಿದರೆ ಯಂತ್ರ ಹೇಗೆ ಹಗುರಾಗುತ್ತದೆ ಅಂತ ಆಗಲೇ ಅನುಮಾನ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ಆ ಮುದುಕಿಯನ್ನು ತೆಗೆಯಬೇಕಾಗುತ್ತಿತ್ತು, ಅವಳಿಗೆ ನಾನು ನನ್ನದೇ ಮುಖ ಕೊಟ್ಟಿದ್ದೆ. ಆಮೇಲೆ ಸೇತುವೆ ದಾಟಿ ಯಾರೂ ಅಲ್ಲಿಯವರೆಗೆ ಹೋಗಿಲ್ಲ, ಅದಕ್ಕೇ ಅವಳು ಇನ್ನೂ ಅಲ್ಲೇ ಇರುವುದು ನಿನಗೆ ಗೊತ್ತಾಗಿಲ್ಲ. ಅವಳನ್ನೂ ತೆಗೆದುಬಿಡು.

ನಿನ್ನ ಮೊದಲ ಫೋನು ಬಂದ ದಿನವೇ ಹಾಳೆ ತೆಗೆದು ನೋಡಿದೆ. ಒಂಬತ್ತು ದಿನದಿಂದ ನನಗೆ ಗೊತ್ತು. ಒಂಬತ್ತು ದಿನ ಅವನ ಮುಂದೆ ತಟ್ಟೆ ಇಟ್ಟಿದ್ದೇನೆ, ಬಾಯಿ ಬಿಟ್ಟಿಲ್ಲ. ನಿನಗೆ ಹೇಳೋಣ ಅಂತ, ಅವನಿಗೆ ಕೇಳಿಸದ ಹಾಗೆ, ಫೋನ್ ಬೂತಿಗೆ ಹೋಗಿ ಮೂರು ಸಲ ನಂಬರ್ ಒತ್ತಿದೆ, ಮೂರನೇ ಸಲ ನೀನೇ ಎತ್ತಿ 'ಹಲೋ ಹಲೋ' ಅಂದೆ, ಇಟ್ಟುಬಿಟ್ಟೆ. ಪಟ್ಟಿಯಲ್ಲಿ 'ಚಿತ್ರಗಳು' ಅಂತ ಬಂದು ಅದರ ಕೆಳಗೆ ನನ್ನ ಹೆಸರು ಮೇಲೇರುವುದನ್ನು ನೋಡಿದಾಗಿನಿಂದ ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ ಬಂದ ಆಸೆ, ನಾಚಿಕೆಯಾಗುತ್ತದೆ. ಯಾರದ್ದಾದರೂ ತೆಗೆಯಲೇಬೇಕಾದರೆ ನನ್ನದು ತೆಗಿ.

ಈಗ ಮನೆಗೆ ಹೋಗಿ ನಿನ್ನ ತಮ್ಮನಿಗೆ ಹೇಳಬೇಕು. ನೀನಾದರೆ ಕೂಗಾಡುತ್ತೀಯ, ಅದನ್ನು ತಡೆದುಕೊಳ್ಳುತ್ತೇನೆ. ಅವನು 'ಹೋಗ್ಲಿ ಬಿಡಮ್ಮ' ಅನ್ನುತ್ತಾನೆ. ಅದಕ್ಕೇ ಇಷ್ಟು ದಿನ ಹೆದರಿಕೊಂಡು ಕೂತಿದ್ದದ್ದು.