ಅಮ್ಮನ ಮಾತ್ರೆ

ಮನೆ, ಮಂಗಳವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ತಗ್ಗಿತೇ? ಟ್ಯಾಂಕರ್ ಓಡಿಸುತ್ತ ಕೂತು ಕೂತು ಇನ್ನಷ್ಟು ದುಂಡಗಾಗಿರುತ್ತೀಯ, ನೋಡದೆಯೇ ಹೇಳಬಲ್ಲೆ. ಇಲ್ಲಿ ಅಮ್ಮನ ಮಂಡಿ ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ.

ಅವಳ ವೈದ್ಯಗಾರಿಕೆ ನಿನಗೆ ಗೊತ್ತಲ್ಲ. ಡಾಕ್ಟರು ಅವಳ ಮಂಡಿಗೆಂದು ಬರೆದುಕೊಟ್ಟ ಮಾತ್ರೆ ಮನೆಮಂದಿಯ ಸೊಂಟ, ಕುತ್ತಿಗೆ, ತಲೆನೋವು ಎಲ್ಲಕ್ಕೂ ಆಗಬೇಕು. ‘ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ನನ್ನ ಮಾತ್ರೆ ಒಗ್ಗಲ್ವಾ?’ ಅನ್ನುತ್ತಾಳೆ. ನಿನ್ನೆ ಕುತ್ತಿಗೆ ಹಿಡಿದುಕೊಂಡಿತ್ತೆಂದು ನಾನೂ ಒಂದು ನುಂಗಿ ಕ್ರೇನ್ ಹತ್ತಿದೆ. ಕಬ್ಬಿಣದ ತೊಲೆ ಎತ್ತುತ್ತಿದ್ದಾಗ ಮಾತ್ರೆಯ ಮಂಪರಿಗೆ ಕಣ್ಣು ತಾನಾಗಿ ಮುಚ್ಚಿಹೋಯಿತು. ತೆರೆದರೆ, ಕೆಳಗೆ ನಿಂತು ನನಗೆ ಸನ್ನೆ ಮಾಡುವ ನಮ್ಮ ಸೈಟಿನ ತಾತ ಎರಡೂ ಕೈ ಬೀಸುತ್ತ ಕೂಗುತ್ತಿದ್ದಾನೆ, ತೊಲೆ ಅವನ ತಲೆಯ ಮೇಲೇ ತೂಗುತ್ತಿದೆ! ಹೇಗೋ ನಿಲ್ಲಿಸಿದೆ. ತಾತ ಯಾರಿಗೂ ಹೇಳಲಿಲ್ಲ, ನನ್ನ ಕಡೆ ನೋಡಿ ತಲೆ ಸವರಿಕೊಂಡ ಅಷ್ಟೆ.

ಇವತ್ತು ಗೇಟಿನಲ್ಲೇ ಪರೀಕ್ಷೆ. ಕುಡಿದಿದ್ದೀವೋ ಏನೋ ಅಂತ ಊದಿಸಿದರು, ಮೂತ್ರಕ್ಕೆ ಡಬ್ಬಿ ಕೊಟ್ಟರು. ನರ್ಸು ‘ಯಾವುದಾದ್ರೂ ಔಷಧಿ ತಗೊಂಡಿದ್ದೀರಾ?’ ಅಂದಳು. ಹಿಂದಿದ್ದ ವೆಲ್ಡರ್ ‘ಇಲ್ಲ ಅಂದ್ಬಿಡಕ್ಕ, ಸಿಕ್ಕಿಬಿದ್ರೆ ಡಾಕ್ಟ್ರು ನನಗೇ ಬರೆದುಕೊಟ್ಟಿದ್ದು ಅಂದ್ರಾಯ್ತು’ ಅಂತ ಪಿಸುಗುಟ್ಟಿದ. ನಾನು ಅಮ್ಮನ ಮಾತ್ರೆ ನುಂಗಿದ್ದೆ ಅಂದೆ. ತೊಲೆಯ ಸಂಗತಿಯನ್ನೂ ಹೇಳಿದೆ.

ಕ್ರೇನಿನಿಂದ ಇಳಿಸಿದ್ದಾರೆ. ಸದ್ಯಕ್ಕೆ ಕೆಳಗೆ ಹಗ್ಗ, ಕೊಕ್ಕೆ ನೋಡುವ ಕೆಲಸ. ಸೀಟು ಮತ್ತೆ ಸಿಗುತ್ತದೋ ಇಲ್ಲವೋ, ಯಾರೂ ಬಾಯಿ ಬಿಡುತ್ತಿಲ್ಲ. ಹೆಂಗಸಿಗೇಕೆ ಕ್ರೇನ್ ಅಂತ ನಕ್ಕವರ ಎದುರೇ ಇಳಿದು ಬಂದೆ, ಹೊಟ್ಟೆ ಉರಿಯುತ್ತದೆ ಕಣೋ. ಆದರೂ ನಾಳೆ ಕೇಳಿದರೂ ಇದನ್ನೇ ಹೇಳುತ್ತೇನೆ, ಆ ಸೀಟನ್ನೂ ಬಿಡುವವಳಲ್ಲ. ಅಮ್ಮ ಮುನಿಸಿಕೊಂಡು ಕೂತಿದ್ದಾಳೆ. ಅವಳ ಮಾತ್ರೆಗೆ ಬೀಗ ಹಾಕಿದ್ದೇನೆ, ಹೊತ್ತಿಗೆ ಸರಿಯಾಗಿ ನಾನೇ ತೆಗೆದುಕೊಡುತ್ತೇನೆ.

ಹೊಟ್ಟೆ ತುಂಬ ಊಟ ಮಾಡು, ನೂರು ಕಾಲ ಬಾಳು.

ನಿನ್ನ
ಅಕ್ಕ

ತಾ.ಕ.: ನೀನು ಹೊರಟಾಗ ಅದೇ ಮಾತ್ರೆಯನ್ನು ನಿನ್ನ ಚೀಲಕ್ಕೂ ತುರುಕಿದಳೆಂದು ಅಮ್ಮ ಇವತ್ತು ಒಪ್ಪಿಕೊಂಡಳು. ಮಧ್ಯಾಹ್ನ ಫೋನಿನಲ್ಲಿ ನಾನು, ನುಂಗಬೇಡ, ಮೇಲಿನವರಿಗೆ ಹೇಳು ಅಂದರೆ ‘ಒಂದು ಮಾತ್ರೆಗೆ ಇಷ್ಟು ರಗಳೆನಾ ಅಕ್ಕಾ’ ಅಂತ ನೀನು ನಕ್ಕು ಫೋನ್ ಇಟ್ಟುಬಿಟ್ಟೆ. ಪೆಟ್ರೋಲು ತುಂಬಿದ ಗಾಡಿಯಪ್ಪಾ ಅದು! ನಾಳೆ ಬೆಳಿಗ್ಗೆ ನಿಮ್ಮ ಡಿಪೋಗೆ ಬರುವ ಲಾರಿಯವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮೇಲ್ವಿಚಾರಕರಿಗೇ ಕೊಡು ಅಂತ ಅವನಿಗೆ ಹೇಳಿದ್ದೇನೆ, ಲಕೋಟೆ ಅಂಟಿಸಿಲ್ಲ. ಬೈಯುವುದಿದ್ದರೆ ಮನೆಗೆ ಬಂದು ಬೈ. ನೀನು ಇದನ್ನು ಓದುವಷ್ಟರಲ್ಲಿ ಅವರು ಓದಿರುತ್ತಾರೆ.